ಒಳಬದಿ

ಜೆ.ಸಿ. ರೋಡಿನ ಹಿಂದೆ, ಎರಡು ಸ್ಕೂಟರ್ ಎದುರಾದರೆ
ಒಂದು ಹಿಂದಕ್ಕೆ ಸರಿಯಲೇಬೇಕಾದ ಗಲ್ಲಿಯಲ್ಲಿ
ಖಲಂದರ್ ಉಸ್ತಾದರು ನನಗೆ ಮೊದಲು ಕಲಿಸಿದ್ದು
ಮೂಸುವುದನ್ನು.

ಬಂಪರಿನ ಒಳಬದಿಯಿಂದ ಉಗುರಿನಷ್ಟು ಸಿಪ್ಪೆ ಕೆತ್ತಿ
ಬೆಂಕಿಕಡ್ಡಿಗೆ ಹಿಡಿದು, "ಹೇಳು, ಏನು ವಾಸನೆ?"
ಗಂಧಕ ಬಂದು ಕರೀ ಮಸಿ ಹಾರಿದರೆ
ಅದು ಟಯರಿನ ಕುಲ, ಒಂದೇ ಸಲ ಬೆಂದದ್ದು,
ಕಾಯಿಸಿದರೆ ಸುಟ್ಟೀತೇ ಹೊರತು ಕರಗದು.
"ಇಡ್ಲಿ ಮತ್ತೆ ಹಿಟ್ಟಾಗ್ತದಾ, ಪಿಳ್ಳಪ್ಪ?"

ಮೇಣದ ವಾಸನೆ ಬಂದು ತೊಟ್ಟು ತೊಟ್ಟಾಗಿ ಇಳಿದರೆ,
ಬಕೆಟ್ಟಿನ ನೀರಲ್ಲಿ ತೇಲಿದರೆ, ಇದು ನಮ್ಮದು.
ರಬ್ಬರಿನ ಹಾಗೆ ಬಾಗುತ್ತೆ, ಬೆಲ್ಲದ ಹಾಗೆ ಕರಗುತ್ತೆ,
ಆರಿದರೆ ಮತ್ತೆ ಅದೇ.
ಬಾಗಿಲ ಬೀಡಿಂಗು, ಸ್ಟಿಯರಿಂಗಿನ ಬೂಟು, ಏರ್‌ಬ್ಯಾಗಿನ ಮುಚ್ಚಳ,
ಎಲ್ಲೆಲ್ಲೂ ಬಂದು ಕೂತಿದೆ
ರಬ್ಬರಿನ ಹೆಸರು ಹೇಳಿಕೊಂಡು.

"ಜಾತಿ ನೋಡಬಾರದು. ಇಲ್ಲಿ ಮಾತ್ರ ನೋಡಬೇಕು,"
ಬೀಡಿ ಕಚ್ಚಿದ ನಗು.
ಬೇರೆ ಕಡ್ಡಿ ಇಟ್ಟರೆ ಅಂಟಿದ ಹಾಗೆ ನಟಿಸಿ
ಮೊದಲ ಹಂಪಿಗೇ ಕಿತ್ತು ಬರುತ್ತೆ.

ಬಿರುಕಿನ ಉದ್ದಕ್ಕೂ ಗಾಡಿ ತೋಡಿ, ಬಿಸಿಗಾಳಿ ಬಿಟ್ಟು
ಕಾಯಬೇಕು. ಹೊಗೆ ಬಂದರೆ ತಪ್ಪು.
ಬೆವರಿದ ಹಣೆಯಂತೆ ಹೊಳೆಯಬೇಕು
ಕಡ್ಡಿಯ ತುದಿ, ಬಿರುಕಿನ ದಂಡೆ, ಎರಡೂ ಒಟ್ಟಿಗೆ.
ಆಗ ಒತ್ತು.
ಊದಬೇಡ. ನೀರು ಹಾಕಬೇಡ.
ಹೋಗಿ ಚಾ ಕುಡಿದು ಬಾ.

ಎಲ್ಲ ಮುಗಿದ ಮೇಲೆ, ಗಿರಾಕಿ ಬಗ್ಗಿ ನೋಡದ ಕಡೆ
ಕಾದ ಮೊಳೆಯಿಂದ ತಾರೀಖು ಕೊರೆಯುತ್ತಿದ್ದರು.
ಯಾಕೆ ಅಂದರೆ, "ಗಾಡಿಗಾದರೂ ಗೊತ್ತಿರಲಿ."

ಅವರು ಹೋಗಿ ನಾಲ್ಕು ವರ್ಷ.
ಮೊನ್ನೆ ಶಿವಾಜಿನಗರದ ಗುಜರಿಯಲ್ಲಿ
ಕಡ್ಡಿ ಸೀಳಲೆಂದು ತೂಕಕ್ಕೆ ತಂದ ರಾಶಿಯೊಳಗೆ
ಒಂದು ಬಿಳೀ ಬಂಪರು. ತಿರುಗಿಸಿದರೆ
ಹದಿನಾಲ್ಕು, ಎಂಟು, ಒಂಬತ್ತು.
ಎಂಟಿನ ಹೊಟ್ಟೆ ಮುಚ್ಚುತ್ತಲೇ ಇರಲಿಲ್ಲ ಅವರ ಕೈಯಲ್ಲಿ.
ಮತ್ತೆ ಒಡೆದಿತ್ತು, ಎರಡು ಬೆರಳು ಆಚೆ;
ಬೆಸುಗೆ ಇದ್ದ ಹಾಗೇ ಇತ್ತು.

ಮೂರು ದಿನ ಗೋಡೆಗೆ ಒರಗಿಸಿಟ್ಟೆ.
ಹೆಂಡತಿ ಕೇಳಿದಳು, ಇದಕ್ಕೇನು ಹೂ ಹಾಕ್ತೀರಾ ಅಂತ.

ಇವತ್ತು ಗೊರಗುಂಟೆಪಾಳ್ಯದ ಕಂಬಕ್ಕೆ ತಾಗಿಸಿಕೊಂಡು
ಹೊಸದಾಗಿ ಓಡಿಸುವ ಹುಡುಗಿಯೊಬ್ಬಳು ಬಂದಳು.
ಅದೇ ಕಂಪನಿ, ಅದೇ ಕುಲ. ನನ್ನಲ್ಲಿ ಕಡ್ಡಿ ಮುಗಿದಿತ್ತು.
ಬಿಸಿಲು ತಿಂದದ್ದು ಪುಡಿಯಾಗಿರಬಹುದೆಂದು
ಬಿಳಿಯದರ ಅಂಚಿಂದ ಒಂದು ಸಿಪ್ಪೆ ಕೆತ್ತಿ ಸುಟ್ಟೆ.
ಮೇಣ. ಸಣ್ಣಗೆ, ಆದರೆ ಮೇಣವೇ.
ಸ್ಕೇಲಿಟ್ಟು ಸೀಳುತ್ತಾ ಬಂದೆ, ಒಂದೊಂದೇ ಕಡ್ಡಿ,
ಬ್ಲೇಡು ಎಂಟನ್ನು ದಾಟುವಾಗ
ಕೈ ಒಂದಿಷ್ಟು ನಿಂತದ್ದು ನಿಜ.

"ಗೊತ್ತಾಗುತ್ತಾ ಅಣ್ಣ? ಮನೇಲಿ ಹೇಳಿಲ್ಲ."
"ಹೊರಗಡೆ ಗೊತ್ತಾಗಲ್ಲಮ್ಮ."
ಅವಳು ಚಾ ಅಂಗಡಿಯ ಕಡೆ ಹೋದಳು.
ನಾನು ಮೊಳೆ ಹುಡುಕಿದೆ.