ದೋಷ: ಗೊರ್ ಎನ್ನುತ್ತದೆ

ಚೀಟಿಯಲ್ಲಿ ಹಾಗಂತ ನಾನೇ ಬರೆದೆ,
ಅರವತ್ತೇಳರ ಜುಲೈ, ಲ್ಯಾಮಿಂಗ್ಟನ್ ರೋಡು,
ಮಂಘನ್‌ಮಲ್ಲರ ರೇಡಿಯೋ ಅಂಗಡಿಯ ಅಟ್ಟ,
ನೆಟ್ಟಗೆ ನಿಂತರೆ ಫ್ಯಾನು ತಲೆಗೆ ಬಡಿಯುವ ಜಾಗ.

ಸ್ಪೀಕರು ಹೊತ್ತು ತಂದವನು ಅನ್ಸೆಲ್ಮ್.
ಧೋಬಿ ತಲಾವಿನಲ್ಲಿ, ತನ್ನೂರ ಹೆಸರಿನ ಗೋವಾ ಕ್ಲಬ್ಬಿನಲ್ಲಿ
ಒಂದು ಟ್ರಂಕು ಇಡುವಷ್ಟು ನೆಲ ಅವನದು.
ಕಾಲರು ಮುಟ್ಟುವ ಕೂದಲು. ಕೋಟು ಅಪ್ಪನದಿರಬೇಕು, ಅಷ್ಟು ದೊಗಳೆ.
‘ಶನಿವಾರ ಬೈಕಲಾದಲ್ಲಿ ಬಾರಿಸಬೇಕು. ಅಷ್ಟರಲ್ಲಿ ಕೊಡು.’

ಬಿಚ್ಚಿದೆ. ಕಾಗದದ ಕೋನು ಬೆರಳುದ್ದ ಹರಿದಿತ್ತು.
ಇಲಿಯೋ, ತೇವವೋ, ಯಾರದೋ ಬೂಟೋ.
ಅಂಟು ಕಾಯುವ ತನಕ ಸುಮ್ಮನೆ
ವೈರು ಸಿಕ್ಕಿಸಿ ಕೊಟ್ಟೆ, ಅವನು
ದಪ್ಪ ತಂತಿಯೊಂದನ್ನೇ ಮೀಟಿದ.

ಏನಂತ ಹೇಳಲಿ ಆ ಸದ್ದು.
ಜಮಖಂಡಿಯ ನಮ್ಮ ಚುರುಮುರಿ ಭಟ್ಟಿಯಲ್ಲಿ
ಕಾದ ಉಸುಕು ಒಮ್ಮೆಲೇ ಹೊರಳಿದ ಹಾಗೆ.
ಅಲ್ಲ.
ಮ್ಯಾಟ್ರಿಕ್ ನಪಾಸಾದ ದಿನ ಅಪ್ಪನೆದುರು
ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತಲ್ಲ, ಅದು,
ಎರಡು ವರ್ಷ ತಡವಾಗಿ, ಬೇರೆಯವನ ಕೈಯಿಂದ.

ಕೆಳಗಿಂದ ಸೇಠ್‌ಜಿ: ‘ಗೂಳಪ್ಪಾ, ಕ್ಯಾ ಜಲಾ ರೇ?’
ಏನೂ ಇಲ್ಲ ಅಂದೆ. ಸುಳ್ಳು.

‘ಅಂಟು ಹಚ್ಚಬೇಡ’ ಎಂದ ಅನ್ಸೆಲ್ಮ್, ಪಿಸುದನಿಯಲ್ಲಿ,
ಕಳ್ಳಮಾಲಿನ ಬಗ್ಗೆ ಮಾತಾಡುವವನಂತೆ.
ಅಷ್ಟರಲ್ಲಿ ನಾನು ಬ್ಲೇಡು ತೆಗೆದಿದ್ದೆ.
ಇನ್ನೊಂದು ಸೀಳು, ಅದರ ಪಕ್ಕ ಇನ್ನೊಂದು, ಸಣ್ಣದು.
ಎಲ್ಲಿ ನಿಲ್ಲಿಸಬೇಕೆಂದು ಬೆರಳಿಗೆ ಗೊತ್ತಿತ್ತು,
ಯಾರೂ ಕಲಿಸಿರಲಿಲ್ಲ.

ಶನಿವಾರ ಪರದೆಯ ಹಿಂದೆ ಕೂತಿದ್ದೆ,
ವಾಲ್ವುಗಳ ಕೆಂಪು ಬೆಳಕಲ್ಲಿ, ರಾಳದ ವಾಸನೆಯಲ್ಲಿ.
ಮಳೆಗೆ ಹಾಲಿನ ತಗಡು ಬೇರೆಯೇ ತಾಳ ಹಾಕುತ್ತಿತ್ತು.
ಚಪ್ಪಲಿ ಬಿಟ್ಟು ಕುಣಿಯುವ ಹುಡುಗಿಯರು,
ಹಾಸಿಗೆಯ ಚಾದರ ಹೊದ್ದ ಬರಿಗಾಲ ಪರದೇಶಿಯೊಬ್ಬ
ಕಣ್ಣು ಮುಚ್ಚಿ ಕಂಬ ತಬ್ಬಿಕೊಂಡಿದ್ದ.
ಮೂರನೆಯ ಹಾಡಿಗೆ ಅನ್ಸೆಲ್ಮ್ ಆ ತಂತಿ ಮುಟ್ಟಿದ.

ಮುಂದಿನ ಸಾಲಿನ ಪಾರ್ಸಿ ಮುದುಕರೊಬ್ಬರು ಎದ್ದು ನಿಂತರು:
‘ಸ್ಪೀಕರು ಕೆಟ್ಟಿದೆ! ಯಾರಾದರೂ ಅದನ್ನ ನೋಡ್ರಯ್ಯಾ!’

ನಾನು ಪರದೆ ಸರಿಸಿ ಹೊರಗೆ ಬಂದೆ.
ಅಷ್ಟು ಮಂದಿಯ ಮುಂದೆ ಹುಟ್ಟಿದಾಗಿನಿಂದ ನಿಂತವನಲ್ಲ,
ಪಾಯಿಜಾಮಕ್ಕೆ ಸೊಲ್ಡರಿನ ತೂತು ಬೇರೆ.
‘ನೋಡಿದ್ದೀನಿ’ ಅಂದೆ. ‘ಹಾಗೆ ಮಾಡಿದ್ದೇ ನಾನು.’

ಯಾರಿಗೂ ಕೇಳಿಸಲಿಲ್ಲ, ಅಷ್ಟು ಗದ್ದಲ.

ಸೋಮವಾರ ರಿಜಿಸ್ಟರು ತೆರೆದ ಸೇಠ್‌ಜಿ
ದುರಸ್ತಿ ಆಗದ ಮಾಲು ಹೊರಗೆ ಹೋದದ್ದಕ್ಕೆ
ಒಂದೂವರೆ ರೂಪಾಯಿ ಪಗಾರದಲ್ಲಿ ಮುರಿದುಕೊಂಡರು.
ಸಹಿ ಹಾಕಿದೆ. ಕನ್ನಡದಲ್ಲಿ, ದೊಡ್ಡದಾಗಿ.
ಅರ್ಧ ಬ್ಲೇಡು ಜೇಬಿನಲ್ಲೇ ಇತ್ತು,
ಅವ್ವನ ಕಾರ್ಡಿನಲ್ಲಿ ಸುತ್ತಿಕೊಂಡು.