ಗಾಳಿಗೆ ರೊಟ್ಟಿ ಬಡಿದು

ಸಿನಾವ್ ಊರಿನ ಕೊನೆಯ ಸರ್ಕಲ್ಲಿನಲ್ಲಿ
ಆಡಿನ ಸಂತೆ ಮುಗಿದು ಹಗ್ಗದ ತುಂಡಷ್ಟೇ ಉಳಿದ ಹೊತ್ತು
ನಿಂತಿದ್ದೇನೆ.
ಜೇಬಿನಲ್ಲಿ ಆರು ರಿಯಾಲು, ಮುನ್ನೂರು ಬೈಸಾ.
ಬೆನ್ನಚೀಲದಲ್ಲಿ ಎರಡು ಖುಬ್ಸು, ಶೇಂಗಾ ಚಟ್ನಿಯ ಡಬ್ಬಿ,
ನಾಲ್ಕು ಮಡಿಕೆಯ ಒಂದು ಪತ್ರ:
ಈಕೆ ಸ್ವಯಂಸೇವಕಿ, ಮಸೀರಾ ದ್ವೀಪದಲ್ಲಿ ಆಮೆ ಎಣಿಸುವವಳು.

ಹೆಬ್ಬೆರಳೆತ್ತಿದರೆ ಇಲ್ಲಿ ಯಾರೂ ನಿಲ್ಲಿಸುವುದಿಲ್ಲವಂತೆ.
ಅಂಗೈ ನೆಲಕ್ಕೆ ಮಾಡಿ
ಮೆಲ್ಲಗೆ ಗಾಳಿ ತಟ್ಟಬೇಕು
ಅಂತ ಶಿಬಿರದ ರಯ್ಯಾ ಫೋನಿನಲ್ಲಿ ಕಲಿಸಿದ್ದಾಳೆ.
ತಟ್ಟಿದೆ.
ಮೊದಲ ಕಾರು ದಾಟಿತು.
ಎರಡನೆಯದರ ಹಿಂಗಾಜಿನಿಂದ ಒಂದು ಮಗು
ತಿರುಗಿ ಕೈ ಬೀಸಿತು, ಅಷ್ಟೆ.

ಮೂರನೆಯದು ಪಿಕಪ್.
ಮುಖಕ್ಕೆ ಕೊಕ್ಕಿನಂಥ ಮುಸುಕು ಕಟ್ಟಿದ ಮುದುಕಿ ಸ್ಟೇರಿಂಗಿನಲ್ಲಿ,
ಹಿಂದೆ ಮಾರಾಟವಾಗದ ಹೋತ.
ನನ್ನ ಅರಬ್ಬಿ ಹದಿನಾಲ್ಕು ಶಬ್ದ, ಅವಳ ಹಿಂದಿ ಮೂರು.
ಹದಿನೇಳರಲ್ಲಿ ನೂರು ಕಿಲೋಮೀಟರು ಸಾಗಿಸಿದೆವು:
ತಾಯಿ ಇದ್ದಾಳಾ, ಇದ್ದಾಳೆ.
ಮದುವೆ, ಇಲ್ಲ. ಯಾಕೆ, ನಗು.
ದಾರಿಯೇ ಕಾಣದ ಮರಳಿಗೆ ತಿರುಗುವ ಮುಂಚೆ
ನನ್ನನ್ನಿಳಿಸಿ
ನಾನು ಚಾಚಿದ ಒಂದು ರಿಯಾಲನ್ನು
ನನ್ನ ಮುಷ್ಟಿಯಲ್ಲೇ ಮಡಚಿ
ಮೇಲೊಂದು ಹಿಡಿ ಖರ್ಜೂರ ಇಟ್ಟಳು.

ಆಮೇಲೆ ಒಂದು ತಾಸು ಏನೂ ಬರಲಿಲ್ಲ.
ನೆರಳಿಗೆ ಇದ್ದದ್ದು ಒಂಟೆ ದಾಟುವ ಬೋರ್ಡು.
ಅದರ ನೆರಳು ಸರಿದಂತೆ ನಾನೂ ಸರಿದೆ.

ಕೊನೆಗೆ ಬಂದದ್ದು ನೀಲಿ ನೀರಿನ ಟ್ಯಾಂಕರು,
ದೂರ ಹೋಗಿ ನಿಂತು, ಹಿಮ್ಮುಖ ಬಂದು,
ಕಿಟಕಿಯಿಂದ ಕನ್ನಡ:
"ರೊಟ್ಟಿ ಬಡದಂಗ ಕೈ ಆಡಸಾಕತ್ತಿದ್ದಿ ತಂಗಿ,
ಅದಕ್ಕ ಬ್ರೇಕ್ ಒತ್ತಿದೆ. ಯಾವೂರಾಕಿ?"
ಮುಂಡರಗಿ ಅಂದೆ.
ಲಿಂಗಸುಗೂರು ಹತ್ರದಾವ ಅಂದ. ಹುಸೇನಪ್ಪ.
"ಲಗೂನ ಹತ್ತು, ಮುದೀರ ನೋಡಿದ್ರ ಬೈತಾನ."

"ಪಗಾರ ಎಷ್ಟ ಕೊಡ್ತಾರ ಆಮಿ ಎಣಸಾಕ?"
ಕೊಡುವುದಿಲ್ಲ.
"ಕೊಡೂದಿಲ್ಲ ಅಂದ್ರ?"
ಊಟ, ಒಂದು ಮಂಚ. ಟಿಕೆಟ್ಟು ನನ್ನದೇ.
ಅವನು ಕರೆಂಟು ಕಂಬಗಳನ್ನೇ ನೋಡುತ್ತ
ಬಹಳ ಹೊತ್ತು ಸುಮ್ಮನಾದ.
"ನಾನೂ ರೊಕ್ಕ ಕೊಟ್ಟೇ ಬಂದೀನಿ ಬಿಡು.
ಲಕ್ಷದ ಇಪ್ಪತ್ತು ಸಾವಿರ, ಏಜೆಂಟಗ.
ನಿಂದು ಎರಡು ತಿಂಗಳಿಗೆ ಮುಗೀತದ, ಚಲೋ ಆತು."

ಕಡಿಮೆ ಖರ್ಚಿನಲ್ಲಿ ತಿರುಗುವುದು ಹೇಗೆಂದು
ನಾನು ನೋಟುಬುಕ್ಕಿನಲ್ಲಿ ಗೆರೆ ಹಾಕಿ ಬರೆದುಕೊಂಡಿದ್ದೆ.
ಆ ನೋಟುಬುಕ್ಕನ್ನು ಚಟ್ನಿಡಬ್ಬಿಯ ಅಡಿಗೆ ತಳ್ಳಿ
ಡಬ್ಬಿ ತೆರೆದು ಅವನ ಮುಂದೆ ಹಿಡಿದೆ.
ಖುಬ್ಸಿನ ಚೂರಿಗೆ ಹಚ್ಚಿ ಬಾಯಿಗಿಟ್ಟವನು
ಗಾಡಿ ಬದಿಗೆ ಹಾಕಿಬಿಟ್ಟ.
ಜಗಿಯಲಿಲ್ಲ ಸ್ವಲ್ಪ ಹೊತ್ತು.
"ಎಣ್ಣಿ ಕಮ್ಮಿ ಆಗೇದ" ಅಂದ.

ಶನ್ನಾ ಜೆಟ್ಟಿ. ದೋಣಿ ಬಾಯಿ ತೆರೆದು ನಿಂತಿತ್ತು.
"ದಿನಾ ಇಲ್ಲೀತನ ಸಿಹಿನೀರ ತರ್ತೀನಿ,
ಆ ದಂಡಿ ಒಮ್ಮಿನೂ ನೋಡಿಲ್ಲ.
ಒಂದು ಆಮಿ ನನ್ನ ಹೆಸರಲೆ ಎಣಸು."
ಪೂರಾ ಡಬ್ಬಿ ಕೊಟ್ಟೆ. ಬೇಡ ಅನ್ನಲಿಲ್ಲ.

ರಾತ್ರಿ, ಕೆಂಪು ದೀಪ ಹಣೆಗೆ ಕಟ್ಟಿ
ಮರಳಿನಲ್ಲಿ ಟ್ರ್ಯಾಕ್ಟರ್ ಹಾದಂಥ ಗುರುತುಗಳ ಹಿಂದೆ ನಡೆಯುವುದು ಕೆಲಸ.
ಬಂದದ್ದು ಎಷ್ಟು, ಮೊಟ್ಟೆಯಿಟ್ಟದ್ದು ಎಷ್ಟು,
ಇಡದೆ ಮರಳಿದ್ದು ಎಷ್ಟು. ಮೂರೇ ಕಾಲಂ.
ಒಂದು ಮಾತ್ರ
ಅರ್ಧ ಗುಂಡಿ ತೋಡಿ, ಕಲ್ಲು ತಾಗಿ, ಬಿಟ್ಟು,
ಹತ್ತು ಮಾರು ಆಚೆ ಮತ್ತೆ ತೋಡಲು ತೊಡಗಿತು,
ಉಸಿರು ಬಿಟ್ಟರೆ ನಮ್ಮವರ ಹಾಗೇ ಕೇಳುತ್ತಿತ್ತು.

ಅದರ ಸಾಲಿನ ಅಂಚಿಗೆ ಸಣ್ಣಗೆ 'ಹು' ಎಂದು ಬರೆದೆ.
ಬೆಳಿಗ್ಗೆ ಹಾಳೆ ತಿರುವಿದ ರಯ್ಯಾ ಕೇಳಿದಳು,
ಇದೇನು, ಬೇರೆ ಜಾತಿಯದೇ?
ಅಲ್ಲ ಅಂದೆ,
ನಮ್ಮ ಕಡೆಯದೇ.