ಹದಿನೇಳು ಪುಸ್ತಕ

ಎಂಟು ವರ್ಷ ದಾಟಿದ್ದನ್ನು ಇಟ್ಟುಕೊಳ್ಳಬೇಕಿಲ್ಲ
ಎಂದು ಬರೆದು ಹೋದರು ಆಡಿಟ್‌ನವರು.
ಬೀರುವಿನ ಕೆಳಖಾನೆಯಲ್ಲಿ ಹದಿನೇಳಿವೆ:
ಮಂಡಕ್ಕಿ ಭಟ್ಟಿ ಕಾರ್ಮಿಕರ ಸಂಘ, ದಾವಣಗೆರೆ,
ಸಭೆಯ ಹಾಜರಿ.
ಬೆನ್ನಿಗೆ ಕೆಂಪು ಬಟ್ಟೆ, ಹಾಳೆಯ ನಡುವೆ ಹೊಟ್ಟಿನ ಬೂದಿ.
ಬಂದವರು ಯಾರೂ ಕೈ ತೊಳೆದು ಬಂದವರಲ್ಲ.

ಭಟ್ಟಿಗೇ ಹಾಕ್ರಿ, ಒಂದು ಮೂಟೆ ಅಕ್ಕಿ ಅರಳೀತು,
ಅಂದ ಅಧ್ಯಕ್ಷ ಕೊಟ್ರೇಶಿ.
ತೂಕಕ್ಕೆ ಹಾಕಿದರೆ ಕಿಲೋಗೆ ಹನ್ನೆರಡು ರೂಪಾಯಿ;
ಕೊಂಡವನು ಹರಿದು ಪೊಟ್ಟಣ ಕಟ್ಟುತ್ತಾನೆ
ನಮ್ಮ ಮಂಡಕ್ಕಿಯನ್ನೇ, ಮೇಲೊಂದು ಮೆಣಸಿನಕಾಯಿ.
ಯಾರದೋ ಹೆಬ್ಬೆಟ್ಟು ಎಣ್ಣೆ ಕುಡಿದು
ಬೆಳಕಿಗೆ ಹಿಡಿದರೆ ಗಾಜಾದೀತು.

ಪುಟ ತಿರುವಬಾರದಿತ್ತು. ತಿರುವಿದೆ.
ಚಮನ್‌ಸಾಬರ ಸಹಿ ಉರ್ದುವಿನಲ್ಲಿ, ಬಲದಿಂದ ಹೊರಟು
ಎಡದಿಂದ ಬಂದ ದುಗ್ಗಪ್ಪನ ಕನ್ನಡಕ್ಕೆ
ನಡುಗೆರೆಯ ಮೇಲೆ ಢಿಕ್ಕಿ.
ಹಾಲವ್ವ ಬರೆಯಲು ಕಲಿತದ್ದೂ ಇಲ್ಲೇ:
ಮಾರ್ಚಿಗೆ ಹೆಬ್ಬೆಟ್ಟು, ಜೂನಿಗೆ ಬರೀ ‘ಹಾ’,
ದೀಪಾವಳಿ ಕಳೆದ ಸಭೆಗೆ ಪೂರಾ ಹೆಸರು,
ಒತ್ತೊಂದು ತಲೆಕೆಳಗು.

ಇರಲಿ ಬಿಡು, ಅನ್ನಿಸುತ್ತದೆ.

ಆಮೇಲೆ ಕೈಗೆ ಬರುತ್ತದೆ ಆರನೆಯದು.
ಕೂಲಿ ಏರಿಸಿ ಎಂದು ಬೆಂಕಿ ಆರಿಸಿದ ರಾತ್ರಿ,
ನಲವತ್ತೊಂದು ಜನ.
ಮರುವಾರ ಮಾಲೀಕರ ಮೇಜಿನ ಮೇಲೆ ಅದೇ ನಲವತ್ತೊಂದು,
ಅದೇ ಸಾಲು, ನನ್ನ ಕಾಗುಣಿತದ ತಪ್ಪು ಸಮೇತ.
ಹತ್ತೊಂಬತ್ತು ಮನೆಯ ಒಲೆ ಆ ತಿಂಗಳು ಹೊತ್ತಲಿಲ್ಲ.
ಯಾರು ನಕಲು ಕೊಟ್ಟರೋ, ಇವತ್ತಿಗೂ ಪತ್ತೆಯಿಲ್ಲ.
ಬೀರುವಿನ ಕೀಲಿ ಇದ್ದದ್ದು ನನ್ನ ಉಡುದಾರದಲ್ಲಿ.
ಒಂದು ಮಧ್ಯಾಹ್ನ ಸ್ನಾನಕ್ಕೆಂದು
ಬಿಚ್ಚಿ ಗೂಟಕ್ಕೆ ಹಾಕಿದ್ದೆ, ನೆನಪಿದೆ.

ಅಂದೇ ಸುಡಬೇಕಿತ್ತು.

ಆದರೆ ಹೋದ ತಿಂಗಳು ಚಮನ್‌ಸಾಬರ ಮಗಳು ಬಂದಳು,
ಕೈಯಲ್ಲಿ ಎರಡು ಸಲ ವಾಪಸಾದ ಪಿಂಚಣಿ ಅರ್ಜಿ.
ನಮ್ಮಬ್ಬಾ ಭಟ್ಟಿಯಾಗೆ ದುಡಿದ್ರು ಅನ್ನೋಕೆ ಏನಾದ್ರೂ ಕಾಗ್ದ ಐತಾ?
ಮಾಲೀಕರು ಯಾರೂ ಹಾಜರಿ ಇಟ್ಟವರಲ್ಲ.
ಇಟ್ಟವರು ನಾವು.
ತೆಗೆದು ತೋರಿಸಿದೆ, ಆರನೆಯದನ್ನೇ.
ಸಹಿಯ ಮೇಲೆ ಬೆರಳಿಟ್ಟು ನಿಧಾನ ಓದಿದಳು.
‘ಚುಕ್ಕಿ ಹಾಕೋದು ಮರ್ತಾರೆ ನೋಡ್ರಿ, ಮನ್ಯಾಗೂ ಹಿಂಗೇ’
ಎಂದು ನಕ್ಕಳು, ಜೆರಾಕ್ಸ್ ಕೇಳುವುದನ್ನೇ ಮರೆತು.

ಭಾನುವಾರ ಸಭೆ. ವಿಷಯ ಒಂದೇ: ಹಳೆಯ ಪುಸ್ತಕಗಳ ವಿಲೇವಾರಿ.
ಕೋರಂಗೆ ಹನ್ನೊಂದು ಜನ ಬೇಕು, ಸಹಿಯೂ ಬೇಕು.
ಹೊಸ ಪುಸ್ತಕಕ್ಕೆ ಗೆರೆ ಎಳೆಯುತ್ತ ಕೂತಿದ್ದೇನೆ.

ಬೀರುವಿನಲ್ಲಿ ಈಗ ಹದಿನಾರೇ ಇವೆ.
ಎಣಿಸಿ ಕೇಳಿದವರಿಗೆ ಹೇಳುತ್ತೇನೆ.